ಆಯ ತಪ್ಪದ ಜಿಗಿತ: ವಾಲಿಬಾಲ್ ಆಟಗಾರರ ದೇಹಸ್ಥೈರ್ಯವನ್ನು ಕುರಿತು

ವಿದ್ಯೆಯೆಂಬುದು ಬುದ್ಧಿಗೆ ಕೊಡುವ ಸಂಸ್ಕಾರ ಮಾತ್ರವಲ್ಲ, ಶರೀರಕ್ಕೆ ಕೊಡುವ ಸಂಸ್ಕಾರವೂ ಹೌದೆಂಬ ಮಾತನ್ನು ಒಪ್ಪದವರಿಲ್ಲ. ಸಭೆಗಳಲ್ಲಿ ಈ ಮಾತು ಕೇಳಿಬರುತ್ತದೆ. ವಾರ್ಷಿಕ ವರದಿಗಳಲ್ಲಿ ಅಚ್ಚಾಗುತ್ತದೆ. ವೇಳಾಪಟ್ಟಿಯನ್ನು ಬರೆಯುವಾಗ ಮಾತ್ರ ಹೇಗೋ ಮರೆತುಹೋಗುತ್ತದೆ. ಆದರೂ ಸಂಜೆಯ ಗಂಟೆ ಬಾರಿಸಿದೊಡನೆ ಶಾಲೆಯ ಬಯಲಿನಲ್ಲಿ ಎರಡು ಕಂಬಗಳ ನಡುವೆ ಬಲೆಯೊಂದು ಏರುತ್ತದೆ. ಒಂದು ಚೆಂಡು, ಹನ್ನೆರಡು ಮಂದಿ ಹುಡುಗರು, ಸುತ್ತ ನಿಂತ ನೂರು ಕಣ್ಣುಗಳು. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ಹೆಚ್ಚು ಉಲ್ಲಾಸವನ್ನು ಕೊಡುವ ಆಟ ಬೇರೊಂದಿರಲಾರದು. ಕನ್ನಡ ನಾಡಿನ ಹಳ್ಳಿ ಹಳ್ಳಿಗಳಲ್ಲಿ ವಾಲಿಬಾಲ್ ಬೇರೂರಿರುವುದಕ್ಕೂ, ಜಾತ್ರೆ ಉತ್ಸವಗಳ ಜೊತೆಯಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆಯುವುದಕ್ಕೂ ಇದೇ ಕಾರಣ.

ಆದರೆ ಇಂತಹ ಪಂದ್ಯಗಳಲ್ಲಿ ಪ್ರೇಕ್ಷಕರ ದೃಷ್ಟಿ ಎಲ್ಲಿ ನೆಟ್ಟಿರುತ್ತದೆ ಎಂಬುದನ್ನು ಗಮನಿಸಬೇಕು. ಹುಡುಗನೊಬ್ಬ ಓಡಿ ಬಂದು ಬಲೆಯ ಮೇಲೆ ಎದ್ದು ಚೆಂಡನ್ನು ಬಡಿದಾಗ ಬಯಲೆಲ್ಲ ಹೋ ಎನ್ನುತ್ತದೆ. ಚೆಂಡು ಎಲ್ಲಿ ಬಿದ್ದಿತೆಂದು ಎಲ್ಲರೂ ನೋಡುತ್ತಾರೆ. ಹುಡುಗ ಹೇಗೆ ಇಳಿದನೆಂದು ಯಾರೂ ನೋಡುವುದಿಲ್ಲ. ಏರಿದವನು ಇಳಿಯಲೇಬೇಕೆಂಬುದು ಲೋಕನಿಯಮ. ಏರುವುದನ್ನು ಕಲಿಸಲು ಶಾಲೆಗಳಲ್ಲಿ ಎಷ್ಟೋ ಪ್ರಯತ್ನಗಳು ನಡೆಯುತ್ತಿವೆ. ಇಳಿಯುವುದನ್ನು ಕಲಿಸುವ ಪ್ರಯತ್ನ ಅತಿ ವಿರಳ. ಈ ಉಪೇಕ್ಷೆಯ ಫಲವನ್ನು ಅನುಭವಿಸುವವನು ಮಾತ್ರ ಆ ಹುಡುಗನೇ. ವರ್ಷಕ್ಕೊಬ್ಬರೋ ಇಬ್ಬರೋ ಒಳ್ಳೆಯ ಆಟಗಾರರು ಕಾಲಿನ ಹರಡು ಉಳುಕಿಸಿಕೊಂಡು, ಅದು ಮಾಯುವ ಮೊದಲೇ ಆಡಿ, ಮತ್ತೆ ಉಳುಕಿಸಿಕೊಂಡು, ಕೊನೆಗೆ ಬಯಲಿನ ಅಂಚಿನಲ್ಲಿ ಕೂತು ನೋಡುವವರಾಗುತ್ತಾರೆ. ಅದನ್ನು ದೈವದ ಮೇಲೆ ಹೊರಿಸಿ ಸುಮ್ಮನಾಗುವುದು ವಿವೇಕವಲ್ಲ. ದೇಹದ ಸಮತೋಲನವು ಹುಟ್ಟಿನಿಂದ ಬಂದ ವರ ಮಾತ್ರವಲ್ಲ, ಅಭ್ಯಾಸದಿಂದ ಸಾಧಿಸತಕ್ಕ ವಿದ್ಯೆಯೂ ಹೌದು. ಆದುದರಿಂದ ಅದನ್ನು ಕಲಿಸುವುದು ಶಾಲೆಯ ಕರ್ತವ್ಯ ಎಂಬುದೇ ಇಲ್ಲಿ ಪ್ರತಿಪಾದಿಸತಕ್ಕ ವಿಷಯ.

ಕನ್ನಡದಲ್ಲಿ ‘ಆಯ’ ಎಂಬ ಸೊಗಸಾದ ಮಾತೊಂದುಂಟು. ಮನೆ ಕಟ್ಟುವವರು ಆಯ ನೋಡುತ್ತಾರೆ. ಮುಗ್ಗರಿಸಿದವನನ್ನು ಕಂಡು ಜನ ‘ಆಯ ತಪ್ಪಿ ಬಿದ್ದ’ ಎನ್ನುತ್ತಾರೆ. ಅಳತೆ, ಹದ, ನೆಲೆ ಇವು ಮೂರೂ ಆ ಒಂದು ಮಾತಿನಲ್ಲಿ ಅಡಗಿವೆ. ಸಂಸ್ಕೃತದ ‘ಸ್ಥೈರ್ಯ’ ಶಬ್ದವಾದರೋ ನಿಲ್ಲುವುದೆಂಬ ಅರ್ಥದ ಧಾತುವಿನಿಂದ ಬಂದದ್ದು. ಸ್ಥಾವರ, ಸ್ಥಿತಿ, ಸ್ಥಾನ ಎಲ್ಲವೂ ಅದೇ ಮನೆತನದ ಮಾತುಗಳು. ಆದರೆ ಆಟಗಾರನಿಗೆ ಬೇಕಾದದ್ದು ಸ್ಥಾವರದ ಸ್ಥೈರ್ಯವಲ್ಲ. ಕಂಬವು ಅಲುಗಾಡದೆ ನಿಂತಿರುತ್ತದೆ. ಬಲವಾಗಿ ನೂಕಿದರೆ ಉರುಳುತ್ತದೆ, ಉರುಳಿದ ಮೇಲೆ ಏಳಲಾರದು. ಆಟಗಾರನು ಚಲಿಸುತ್ತಿರುವಾಗಲೇ ಸ್ಥಿರನಾಗಿರಬೇಕು. ಆಯ ತಪ್ಪಿದ ಕ್ಷಣದಲ್ಲಿಯೇ ಮರಳಿ ಆಯಕ್ಕೆ ಬರಬೇಕು. ಜಂಗಮದ ಸ್ಥೈರ್ಯವೆಂದು ಇದನ್ನು ಕರೆಯಬಹುದು. ಒಂಟಿಕಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬಲ್ಲನೆಂಬುದು ಅದರ ಮೊದಲ ಪಾಠ ಮಾತ್ರ. ಗಾಳಿಯಲ್ಲಿ ಮತ್ತೊಬ್ಬನ ಹೆಗಲು ತಗುಲಿದಾಗಲೂ ನೆಲಕ್ಕೆ ಸರಿಯಾಗಿ ಇಳಿಯಬಲ್ಲನೇ ಎಂಬುದು ಅದರ ಕೊನೆಯ ಪರೀಕ್ಷೆ.

ಬೇರೆಲ್ಲ ಆಟಗಳಿಗಿಂತ ವಾಲಿಬಾಲಿಗೆ ಈ ಗುಣ ಹೆಚ್ಚಾಗಿ ಬೇಕಾಗುವುದೇಕೆಂದು ತಿಳಿಯಲು ಆಟದ ಇತಿಹಾಸವನ್ನು ಸ್ವಲ್ಪ ಅವಲೋಕಿಸಬೇಕು. ೧೮೯೫ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕನಾಗಿದ್ದ ವಿಲಿಯಂ ಮಾರ್ಗನ್ ಈ ಆಟವನ್ನು ಕಲ್ಪಿಸಿದನು. ಅದಕ್ಕೆ ನಾಲ್ಕು ವರ್ಷ ಹಿಂದೆ ಹುಟ್ಟಿದ್ದ ಬಾಸ್ಕೆಟ್‌ಬಾಲ್ ಆಟ ನಡುವಯಸ್ಸಿನ ವ್ಯಾಪಾರಸ್ಥರಿಗೆ ಆಯಾಸಕರವಾಗುತ್ತಿತ್ತು. ಅವರಿಗೆ ತಕ್ಕ ಹಗುರವಾದ ಆಟವೊಂದು ಬೇಕಾಗಿತ್ತು. ಆಗ ಬಲೆಯ ಎತ್ತರ ಆರು ಅಡಿ ಆರು ಅಂಗುಲ ಮಾತ್ರ. ಮಿಂಟೊನೆಟ್ ಎಂಬ ಅದರ ಮೊದಲ ಹೆಸರು ಮರುವರ್ಷವೇ ವಾಲಿಬಾಲ್ ಎಂದು ಬದಲಾಯಿತು. ಮುಂದೆ ಬಲೆ ಏರಿತು. ಚೆಂಡನ್ನು ಎತ್ತಿಕೊಟ್ಟು ಬಡಿಯುವ ಕ್ರಮ ಫಿಲಿಪೈನ್ಸ್ ದ್ವೀಪಗಳಲ್ಲಿ ಬೆಳೆಯಿತು. ಇಂದು ೧೮ ಮೀಟರ್ ಉದ್ದ, ೯ ಮೀಟರ್ ಅಗಲದ ಅಂಕಣದ ನಡುವೆ ಗಂಡಸರಿಗೆ ೨.೪೩ ಮೀಟರ್, ಹೆಂಗಸರಿಗೆ ೨.೨೪ ಮೀಟರ್ ಎತ್ತರದ ಬಲೆ ನಿಂತಿದೆ. ಆಯಾಸವಾಗಬಾರದೆಂದು ಹುಟ್ಟಿದ ಆಟವೇ ಜಿಗಿತದ ಆಟವಾಗಿ ಪರಿಣಮಿಸಿದ್ದು ಇತಿಹಾಸದ ಒಂದು ವಿನೋದ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ವಾಲಿಬಾಲಿನಲ್ಲಿ ಚೆಂಡನ್ನು ಹಿಡಿದುಕೊಳ್ಳುವಂತಿಲ್ಲ. ಬಾಸ್ಕೆಟ್‌ಬಾಲ್ ಆಡುವವನು ಚೆಂಡನ್ನು ಕೈಯಲ್ಲಿ ಹಿಡಿದು, ಕಾಲೂರಿ, ದೇಹವನ್ನು ಸರಿಪಡಿಸಿಕೊಂಡು ಆಮೇಲೆ ಎಸೆಯಬಹುದು. ಫುಟ್‌ಬಾಲ್ ಆಡುವವನು ಚೆಂಡನ್ನು ಕಾಲಡಿಯಲ್ಲಿ ತಡೆದು ನಿಲ್ಲಿಸಬಹುದು. ವಾಲಿಬಾಲ್ ಆಟಗಾರನಿಗೆ ಆ ಅವಕಾಶವಿಲ್ಲ. ಸ್ಪರ್ಶವು ಕ್ಷಣಮಾತ್ರದ್ದು; ಆ ಕ್ಷಣದಲ್ಲಿ ದೇಹವು ಹೇಗಿದೆಯೋ ಚೆಂಡು ಹಾಗೆಯೇ ಹೋಗುತ್ತದೆ. ಕಾಲು ನೆಲೆಗೊಳ್ಳುವ ಮೊದಲೇ ಕೈ ಒಡ್ಡಿದವನ ಪಾಸ್ ಓರೆಯಾಗುತ್ತದೆ. ಓರೆಯಾದ ಪಾಸಿನ ಹಿಂದೆ ಓಡಿದ ಲಿಫ್ಟರನು ಆಯ ತಪ್ಪಿ ಎತ್ತಿದ ಚೆಂಡು ಬಲೆಯಿಂದ ದೂರವಾಗುತ್ತದೆ. ಆ ಚೆಂಡನ್ನು ಬಡಿಯಲು ಹೋದವನು ಗಾಳಿಯಲ್ಲಿ ಮೈ ತಿರುಚಿ ಒಂದೇ ಕಾಲಿನ ಮೇಲೆ ಇಳಿಯುತ್ತಾನೆ. ಮೊದಲನೆಯವನ ಕಾಲಿನ ತಪ್ಪಿಗೆ ಮೂರನೆಯವನ ಹರಡು ದಂಡ ತೆರುತ್ತದೆ. ಆದುದರಿಂದ ಸಮತೋಲನವೆಂಬುದು ಈ ಆಟದಲ್ಲಿ ಒಬ್ಬೊಬ್ಬರ ಸೊತ್ತಲ್ಲ, ಇಡೀ ತಂಡದ ಸೊತ್ತು.

ದೇಹವು ತನ್ನ ನೆಲೆಯನ್ನು ಅರಿಯುವ ಬಗೆ ಅತ್ಯಂತ ಕುತೂಹಲಕರವಾದುದು. ಅದಕ್ಕೆ ಮೂವರು ದೂತರಿದ್ದಾರೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ; ಅಲ್ಲಿ ಮೂರು ದಿಕ್ಕುಗಳಿಗೆ ಹೊಂದಿಕೊಂಡ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ಅವುಗಳೊಳಗಿನ ದ್ರವದ ಚಲನೆಯಿಂದ ತಲೆ ಎತ್ತ ತಿರುಗಿತೆಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಮೂರನೆಯದು ಸ್ನಾಯು, ಸ್ನಾಯುರಜ್ಜು, ಕೀಲುಗಳಲ್ಲಿ ಹರಡಿಕೊಂಡಿರುವ ಸೂಕ್ಷ್ಮ ನರತುದಿಗಳು. ಕಣ್ಣು ಮುಚ್ಚಿದ್ದರೂ ತನ್ನ ಕೈ ಎಲ್ಲಿದೆ, ಪಾದ ಯಾವ ಕಡೆ ವಾಲಿದೆ ಎಂದು ಮನುಷ್ಯನಿಗೆ ತಿಳಿಯುವುದು ಇವುಗಳಿಂದ. ಈ ಮೂವರು ತಂದ ಸುದ್ದಿಯನ್ನು ಮಿದುಳು, ಅದರಲ್ಲಿಯೂ ವಿಶೇಷವಾಗಿ ತಲೆಯ ಹಿಂಭಾಗದಲ್ಲಿರುವ ಕಿರುಮಿದುಳು, ಕೂಡಿಸಿ ನೋಡಿ ಸ್ನಾಯುಗಳಿಗೆ ಆಜ್ಞೆ ಕಳಿಸುತ್ತದೆ. ಆಟದ ಸಮಯದಲ್ಲಿ ಕಣ್ಣು ಚೆಂಡಿನ ಸೇವೆಯಲ್ಲಿ ಪೂರ್ಣವಾಗಿ ತೊಡಗಿರುತ್ತದೆ; ಪಾದವನ್ನು ನೋಡಲು ಅದಕ್ಕೆ ಬಿಡುವಿಲ್ಲ. ಆದುದರಿಂದ ವಾಲಿಬಾಲ್ ಆಟಗಾರನು ಉಳಿದ ಇಬ್ಬರು ದೂತರನ್ನು ಹೆಚ್ಚು ಚುರುಕುಗೊಳಿಸಿಕೊಳ್ಳಬೇಕು. ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ ಮಕ್ಕಳ ಆಟದಂತೆ ತೋರಿದರೂ ಅದರ ಹಿಂದಿರುವ ತತ್ತ್ವ ಇದೇ.

ಇನ್ನು ಜಿಗಿತದ ಲೆಕ್ಕ. ದೇಹದ ಗುರುತ್ವಕೇಂದ್ರ, ನೇರವಾಗಿ ನಿಂತವನಲ್ಲಿ, ಹೆಚ್ಚು ಕಡಿಮೆ ಹೊಕ್ಕುಳಿನ ಸ್ವಲ್ಪ ಕೆಳಗಿನ ಮಟ್ಟದಲ್ಲಿರುತ್ತದೆ. ಆ ಬಿಂದುವಿನಿಂದ ಇಳಿಬಿಟ್ಟ ತೂಗುದಾರವು ಎರಡು ಪಾದಗಳು ಆವರಿಸಿದ ನೆಲದೊಳಗೆ ಬೀಳುವವರೆಗೆ ಮನುಷ್ಯ ನಿಂತಿರುತ್ತಾನೆ. ಹೊರಗೆ ಬಿದ್ದರೆ ಹೆಜ್ಜೆ ಹಾಕಬೇಕು ಇಲ್ಲವೇ ಬೀಳಬೇಕು. ಪಾದಗಳನ್ನು ಅಗಲಿಸಿ ಮಂಡಿ ಬಾಗಿಸಿದವನು ಸುಲಭವಾಗಿ ಉರುಳುವುದಿಲ್ಲ. ತಂಜಾವೂರಿನ ಬೊಂಬೆಯನ್ನು ಎಷ್ಟು ಸಲ ಮಲಗಿಸಿದರೂ ಎದ್ದು ನಿಲ್ಲುವುದಕ್ಕೆ ಅದರ ಭಾರವೆಲ್ಲ ಬುಡದಲ್ಲಿರುವುದೇ ಕಾರಣವಷ್ಟೆ. ಸರ್ವಿಸನ್ನು ಸ್ವೀಕರಿಸುವ ಆಟಗಾರನು ತಗ್ಗಿ ನಿಲ್ಲುವುದರ ಮರ್ಮವೂ ಅದೇ.

ನೆಲ ಬಿಟ್ಟ ಮೇಲೆ ಮಾತ್ರ ಲೆಕ್ಕ ಬದಲಾಗುತ್ತದೆ. ಗಾಳಿಯಲ್ಲಿ ಆ ಕೇಂದ್ರಬಿಂದು ಸಾಗುವ ಹಾದಿ ಕಾಲು ನೆಲವನ್ನು ಬಿಡುವ ಕ್ಷಣದಲ್ಲಿಯೇ ನಿರ್ಧಾರವಾಗಿಹೋಗಿರುತ್ತದೆ. ಆಮೇಲೆ ಎಂತಹ ಶೂರನೂ ಅದನ್ನು ತಿದ್ದಲಾರ. ಕೈಕಾಲುಗಳನ್ನು ಆಡಿಸಿ ದೇಹದ ಭಂಗಿಯನ್ನಷ್ಟೇ ತಿದ್ದಿಕೊಳ್ಳಬಹುದು. ಆದುದರಿಂದ ಒಳ್ಳೆಯ ಇಳಿತದ ಬೀಜ ಒಳ್ಳೆಯ ನೆಗೆತದಲ್ಲಿದೆ. ಓಡಿ ಬಂದ ವೇಗವನ್ನು ಕಡೆಯ ಎರಡು ಹೆಜ್ಜೆಗಳಲ್ಲಿ ತಡೆದು ಮೇಲ್ಮುಖವಾಗಿ ತಿರುಗಿಸಲಾರದವನು ಬಲೆಯ ಕೆಳಗೆ ನುಗ್ಗಿಯೇ ತೀರುತ್ತಾನೆ. ೬೦ ಸೆಂಟಿಮೀಟರ್ ಎತ್ತರಕ್ಕೆ ನೆಗೆದವನು ಗಾಳಿಯಲ್ಲಿರುವುದು ಸುಮಾರು ಒಂದು ಸೆಕೆಂಡಿನ ಹತ್ತರಲ್ಲಿ ಏಳು ಪಾಲು ಕಾಲ ಮಾತ್ರ. ಅದರಲ್ಲಿ ಅರ್ಧ ಕಾಲ ಅವನು ಮೇಲಿನ ೧೫ ಸೆಂಟಿಮೀಟರುಗಳಲ್ಲಿಯೇ ಇರುತ್ತಾನೆಂಬುದು ಗಣಿತದಿಂದ ಸಿದ್ಧವಾಗುವ ಮಾತು. ಒಳ್ಳೆಯ ಆಟಗಾರ ಗಾಳಿಯಲ್ಲಿ ತೂಗಿ ನಿಂತಂತೆ ತೋರುವುದಕ್ಕೆ ಇದು ಒಂದು ಕಾರಣ. ಇಳಿಯುವಾಗಿನ ಲೆಕ್ಕ ಇನ್ನೂ ಬೋಧಪ್ರದ. ಅದೇ ೬೦ ಸೆಂಟಿಮೀಟರುಗಳಿಂದ ಇಳಿದವನು ಮಂಡಿಯನ್ನು ಬಿಗಿಹಿಡಿದು ಹತ್ತೇ ಸೆಂಟಿಮೀಟರುಗಳೊಳಗೆ ನಿಂತುಬಿಟ್ಟರೆ ಅವನ ಕಾಲುಗಳು ಸರಾಸರಿ ಅವನ ತೂಕದ ಏಳರಷ್ಟು ಭಾರವನ್ನು ತಾಳಬೇಕಾಗುತ್ತದೆ. ಹರಡು, ಮಂಡಿ, ಸೊಂಟ ಮೂರನ್ನೂ ಬಾಗಿಸಿ ೩೦ ಸೆಂಟಿಮೀಟರುಗಳಷ್ಟು ತಗ್ಗಿ ನಿಂತರೆ ಆ ಭಾರ ಮೂರರಷ್ಟಕ್ಕೆ ಇಳಿಯುತ್ತದೆ. ಒಂದೇ ಎತ್ತರ, ಒಂದೇ ದೇಹ. ಇಳಿಯುವ ಕ್ರಮವೊಂದರಿಂದ ಅರ್ಧಕ್ಕಿಂತ ಹೆಚ್ಚು ಹೊರೆ ತಪ್ಪುತ್ತದೆ. ಈ ಲೆಕ್ಕವನ್ನು ವಿಜ್ಞಾನದ ಅಧ್ಯಾಪಕರು ಕರಿಹಲಗೆಯ ಮೇಲೂ, ದೈಹಿಕ ಶಿಕ್ಷಣದ ಅಧ್ಯಾಪಕರು ಅಂಕಣದಲ್ಲಿಯೂ ತೋರಿಸಿದರೆ ಎರಡು ಪಾಠಗಳೂ ಹುಡುಗರ ಮನಸ್ಸಿನಲ್ಲಿ ಉಳಿಯುತ್ತವೆ.

ವಾಲಿಬಾಲಿನಲ್ಲಿ ಒಮ್ಮೆಗೇ ಒದಗುವ ಪೆಟ್ಟುಗಳಲ್ಲಿ ಕಾಲಿನ ಹರಡಿನ ಉಳುಕೇ ಮುಂಚೂಣಿಯಲ್ಲಿದೆ. ಅದು ಬಹುಪಾಲು ಬಲೆಯ ಕೆಳಗೆ ಸಂಭವಿಸುತ್ತದೆ. ಹೊಡೆಯಲು ಏರಿದವನೂ ತಡೆಯಲು ಏರಿದವನೂ ಏಕಕಾಲದಲ್ಲಿ ಇಳಿಯುತ್ತಾರೆ. ನಡುಗೆರೆಯನ್ನು ದಾಟಿ ಬಂದ ಎದುರಾಳಿಯ ಪಾದದ ಮೇಲೆಯೋ, ಜೊತೆಯಲ್ಲಿ ನೆಗೆದ ಸಂಗಡಿಗನ ಪಾದದ ಮೇಲೆಯೋ ಕಾಲು ಬೀಳುತ್ತದೆ. ಅಂಗಾಲು ಒಳಮುಖವಾಗಿ ಮಗುಚಿ ಹೊರಬದಿಯ ಕಟ್ಟುಗಳು ಹರಿಯುತ್ತವೆ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ, ತಗುಲಿದ ಮೇಲೆ ಎಚ್ಚರಗೊಳ್ಳುವ ಸ್ನಾಯುಗಳಿಂದ ಪ್ರಯೋಜನವಿಲ್ಲ. ನೆಲ ಮುಟ್ಟುವ ಮೊದಲೇ ಕಾಲು ಸಜ್ಜಾಗಿರಬೇಕು. ಹೀಗೆ ಸಜ್ಜಾಗುವುದನ್ನೇ ಅಭ್ಯಾಸ ಕಲಿಸುವುದು.

ಒಮ್ಮೆ ಉಳುಕಿದ ಹರಡು ಮತ್ತೆ ಮತ್ತೆ ಉಳುಕುವುದೇಕೆಂಬ ಪ್ರಶ್ನೆಯನ್ನು ಇಂಗ್ಲೆಂಡಿನ ವೈದ್ಯ ಫ್ರೀಮನ್ ಮತ್ತು ಅವನ ಸಹೋದ್ಯೋಗಿಗಳು ೧೯೬೫ರಲ್ಲಿ ಎತ್ತಿಕೊಂಡರು. ಕಟ್ಟು ಹರಿದಾಗ ಅದರೊಳಗಿನ ನರತುದಿಗಳೂ ಕೆಡುತ್ತವೆ, ಆದುದರಿಂದ ಪಾದದ ನೆಲೆಯ ಸುದ್ದಿ ತಡವಾಗಿ ಮುಟ್ಟುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಓಲಾಡುವ ಹಲಗೆಯ ಮೇಲೆ ನಿಲ್ಲುವ ವ್ಯಾಯಾಮವನ್ನು ಅವರು ಚಿಕಿತ್ಸೆಯಾಗಿ ಬಳಸಿದರು. ಮುಂದೆ ನಾರ್ವೆ ದೇಶದ ವಾಲಿಬಾಲ್ ತಂಡಗಳಲ್ಲಿ ನೆಗೆಯುವ ಹಾಗೂ ಇಳಿಯುವ ಕ್ರಮದ ಶಿಕ್ಷಣ, ಓಲುಹಲಗೆಯ ಅಭ್ಯಾಸ, ಅಪಾಯದ ಅರಿವು ಈ ಮೂರನ್ನೂ ಜೊತೆಗೂಡಿಸಿ ಪ್ರಯೋಗ ನಡೆಸಲಾಯಿತು. ಹರಡಿನ ಪೆಟ್ಟುಗಳು ಸುಮಾರು ಅರ್ಧದಷ್ಟು ಇಳಿದುವೆಂದು ೧೯೯೭ರಲ್ಲಿ ಪ್ರಕಟವಾದ ವರದಿ ತಿಳಿಸಿತು. ೨೦೦೧–೦೨ರ ಆಟದ ಋತುವಿನಲ್ಲಿ ನೆದರ್‌ಲ್ಯಾಂಡ್ಸ್ ದೇಶದ ೧೧೬ ತಂಡಗಳಲ್ಲಿ ನಡೆದ ಪರೀಕ್ಷೆ ಇನ್ನಷ್ಟು ವಿಸ್ತಾರವಾದುದು. ಅಭ್ಯಾಸಕ್ಕೆ ಮುಂಚಿನ ಮೈಕಾಯಿಸುವ ವೇಳೆಯಲ್ಲಿ ಓಲುಹಲಗೆಯನ್ನು ಬಳಸಿದ ತಂಡಗಳಲ್ಲಿ ಉಳುಕುಗಳು ಕಡಿಮೆಯಾದುವು; ಆದರೆ ಆ ಪ್ರಯೋಜನ ಮುಖ್ಯವಾಗಿ ಕಂಡುಬಂದದ್ದು ಹಿಂದೆ ಒಮ್ಮೆಯಾದರೂ ಉಳುಕಿಸಿಕೊಂಡಿದ್ದವರಲ್ಲಿ. ಅಷ್ಟೇ ಅಲ್ಲ, ಮಂಡಿಯ ಪೆಟ್ಟನ್ನು ಮೊದಲೇ ಅನುಭವಿಸಿದ್ದವರಲ್ಲಿ ಮಂಡಿನೋವು ಮರುಕಳಿಸುವುದು ಹೆಚ್ಚಾಯಿತೆಂದೂ ಅದೇ ಪರೀಕ್ಷೆ ಎಚ್ಚರಿಸಿತು.

ಈ ಕಡೆಯ ಮಾತನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ಯಾವ ಔಷಧವೂ ಎಲ್ಲ ರೋಗಕ್ಕೂ ಮದ್ದಲ್ಲ. ಸಮತೋಲನದ ಅಭ್ಯಾಸದಿಂದ ಯಾರಿಗೂ ಪೆಟ್ಟೇ ಆಗದೆಂದು ಸಾರುವವರು ಅತ್ಯುತ್ಸಾಹಿಗಳು. ಅದರಿಂದ ಏನೂ ಆಗದೆಂದು ತಳ್ಳಿಹಾಕುವವರು ಆಲಸಿಗಳು. ಯಾವ ಹುಡುಗನಿಗೆ ಯಾವ ಅಭ್ಯಾಸ, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅರಿತು ಮಾಡಿಸುವುದು ಗುರುವಿನ ಲಕ್ಷಣ.

ಆಟದ ಚರಿತ್ರೆಯಲ್ಲಿ ಈ ವಿದ್ಯೆಯ ಮಹಿಮೆಯನ್ನು ತೋರಿದ ನಿದರ್ಶನಗಳಿಗೆ ಕೊರತೆಯಿಲ್ಲ. ೧೯೬೪ರಲ್ಲಿ ಟೋಕಿಯೋ ನಗರದ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಸಲ ಸೇರ್ಪಡೆಯಾಯಿತು. ಜಪಾನಿನ ಮಹಿಳಾ ತಂಡ ತಮಗಿಂತ ದೇಹಬಲದಲ್ಲಿ ಮಿಗಿಲಾಗಿದ್ದ ಸೋವಿಯತ್ ತಂಡವನ್ನು ಸೋಲಿಸಿ ಚಿನ್ನವನ್ನು ಪಡೆಯಿತು. ಶಿಕ್ಷಕ ಹಿರೋಬುಮಿ ದೈಮಾತ್ಸು ಅವರಿಗೆ ಕಲಿಸಿದ್ದ ಉರುಳು-ಸ್ವೀಕಾರವೆಂಬ ಕೌಶಲ ಲೋಕಪ್ರಸಿದ್ಧವಾಯಿತು. ದೂರದ ಚೆಂಡಿಗೆ ಮೈ ಚಾಚಿ, ಅದನ್ನು ಎತ್ತಿ, ಬಿದ್ದ ವೇಗದಲ್ಲಿಯೇ ಹೆಗಲಿನ ಮೇಲೆ ಉರುಳಿ ಮತ್ತೆ ಪಾದಗಳ ಮೇಲೆ ನಿಲ್ಲುವುದು ಅದರ ಕ್ರಮ. ಬೀಳುವುದನ್ನೇ ಏಳುವ ಉಪಾಯವನ್ನಾಗಿ ಮಾಡಿಕೊಂಡ ಬುದ್ಧಿವಂತಿಕೆ ಅದು. ದೈಮಾತ್ಸುವಿನ ಶಿಕ್ಷಣದ ಕಠೋರತೆಯನ್ನು ಅವನ ದೇಶದವರೇ ಟೀಕಿಸಿದ್ದುಂಟು. ಆ ಕಠೋರತೆ ಶಾಲೆಗಳಿಗೆ ಮಾದರಿಯಲ್ಲ, ಆ ತತ್ತ್ವ ಮಾದರಿ.

ಭಾರತದ ಮಟ್ಟಿಗೆ ಕೇರಳದ ಪೇರಾವೂರಿನ ಜಿಮ್ಮಿ ಜಾರ್ಜ್‌ನನ್ನು ನೆನೆಯದವರಿಲ್ಲ. ೧೯೫೫ರಲ್ಲಿ ಹುಟ್ಟಿದ ಆತನು ಇಟಲಿಯ ತಂಡಗಳಲ್ಲಿ ಆಡಿ ಕೀರ್ತಿ ಗಳಿಸಿದನು. ೧೯೮೬ರ ಸಿಯೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತದ ತಂಡದಲ್ಲಿದ್ದನು. ಮರುವರ್ಷ ಇಟಲಿಯಲ್ಲಿಯೇ ರಸ್ತೆಯ ಅಪಘಾತದಲ್ಲಿ ಅಕಾಲ ಮರಣಕ್ಕೆ ತುತ್ತಾದನು. ಗಾಳಿಯಲ್ಲಿ ನಿಂತು ಹೊಡೆಯುವವನೆಂದು ಅವನನ್ನು ಕಂಡವರು ಕೊಂಡಾಡಿದರು. ಗಾಳಿಯಲ್ಲಿ ಯಾರೂ ನಿಲ್ಲಲಾರರು. ಆದರೆ ನಡುವಿನ ಬಲದಿಂದ ಎದೆ, ಟೊಂಕ, ಕಾಲುಗಳನ್ನು ಒಂದೇ ಬಿಲ್ಲಿನಂತೆ ಬಾಗಿಸಿ ತಕ್ಕ ಕ್ಷಣದವರೆಗೆ ತಡೆದಿಟ್ಟುಕೊಳ್ಳಬಲ್ಲವನು ನಿಂತಂತೆ ಕಾಣುತ್ತಾನೆ. ಜಿಗಿತದ ಸೊಬಗೂ ಸ್ಥೈರ್ಯದ ಫಲವೇ ಹೊರತು ಬರಿಯ ತೊಡೆಯ ಬಲದ ಫಲವಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಳ್ಳಿಯ ಮಕ್ಕಳಿಗೆ ಇದನ್ನೆಲ್ಲ ಹೊರದೇಶದವರಿಂದ ಕಲಿಸಬೇಕೇ, ಅದು ಅವರ ರಕ್ತದಲ್ಲಿಯೇ ಇಲ್ಲವೇ ಎಂದು ಕೇಳುವವರುಂಟು. ಪ್ರಶ್ನೆಯಲ್ಲಿ ತಥ್ಯವಿದೆ. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲರು ಕಂಬವನ್ನು ಆಶ್ರಯಿಸಿ ಮಾಡುವ ವ್ಯಾಯಾಮದ ವಿವರವಿದೆ; ಮಲ್ಲಕಂಬದ ಪರಂಪರೆಯನ್ನು ಹೇಳುವವರು ಅದನ್ನು ತಪ್ಪದೆ ಸ್ಮರಿಸುತ್ತಾರೆ. ನಂದಿಧ್ವಜ ಕುಣಿತದಲ್ಲಿ ಆಳುದ್ದಕ್ಕೆ ಹಲವು ಪಟ್ಟು ಮಿಗಿಲಾದ ಕಂಬದ ಬುಡವನ್ನು ನಡುವಿಗೆ ಬಿಗಿದ ವಸ್ತ್ರದಲ್ಲಿ ಊರಿ, ಡೊಳ್ಳು ಕರಡೆಗಳ ಗತಿಗೆ ಹೆಜ್ಜೆ ಹಾಕುವ ಭಕ್ತನ ನಡುವಿನ ನಿಗ್ರಹ ಯಾವ ವ್ಯಾಯಾಮಶಾಲೆಯ ಪಾಠಕ್ಕೂ ಕಡಿಮೆಯಾದುದಲ್ಲ. ಅಂಗಳದಲ್ಲಿ ಗೆರೆ ಎಳೆದು ಕುಂಟೆಬಿಲ್ಲೆ ಆಡುವ ಹೆಣ್ಣುಮಗು ಒಂಟಿಕಾಲಿನಲ್ಲಿ ನೆಗೆದು, ಗೆರೆ ತುಳಿಯದೆ ಇಳಿದು, ಬಾಗಿ ಬಿಲ್ಲೆಯನ್ನು ಎತ್ತಿಕೊಳ್ಳುವಾಗ ಮಾಡುವ ಕೆಲಸವನ್ನೇ ದೊಡ್ಡ ದೊಡ್ಡ ಶಿಕ್ಷಕರು ಹೊಸ ಹೆಸರಿನಲ್ಲಿ ಮಾಡಿಸುತ್ತಿದ್ದಾರೆ. ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ ಹೊತ್ತು ಕೆರೆಯ ಏರಿಯನ್ನು ಹತ್ತಿದ ತಾಯಂದಿರ ನಿಲುವನ್ನು ಯಾವ ಶಾಸ್ತ್ರ ಕಲಿಸಿತ್ತು?

ಆದರೆ ಪರಂಪರೆಯು ಪೆಟ್ಟಿಗೆಯಲ್ಲಿಟ್ಟ ಒಡವೆಯಲ್ಲ. ಬಳಸಿದರೆ ಉಳಿಯುತ್ತದೆ, ಬಿಟ್ಟರೆ ಅಳಿಯುತ್ತದೆ. ಈಗ ಮಕ್ಕಳು ವಾಹನದಲ್ಲಿ ಬಂದು, ಬೆಂಚಿನ ಮೇಲೆ ಕುಳಿತು, ವಾಹನದಲ್ಲಿಯೇ ಮನೆಗೆ ಮರಳಿ, ಕೈಯಲ್ಲಿ ಫೋನ್ ಹಿಡಿದು ಕೂರುವ ಕಾಲ. ಮರ ಹತ್ತುವುದು, ಬದುವಿನ ಮೇಲೆ ನಡೆಯುವುದು, ಕುಂಟಾಟ ಎಲ್ಲವೂ ದಿನಚರಿಯಿಂದ ಜಾರಿಹೋಗುತ್ತಿವೆ. ದಿನನಿತ್ಯದ ಬದುಕೇ ಕಲಿಸುತ್ತಿದ್ದುದನ್ನು ಇನ್ನು ಶಾಲೆಯೇ ಕಲಿಸಬೇಕು. ಅದೂ ಅಲ್ಲದೆ, ಎಷ್ಟೇ ಚುರುಕಾದ ಹುಡುಗನಾದರೂ ನಾಲ್ಕು ಮಂದಿ ಒಟ್ಟಿಗೆ ನೆಗೆಯುವ ಬಲೆಯ ಬುಡದಲ್ಲಿ ಇಳಿಯುವುದನ್ನು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.

ಕಲಿಸುವ ಕ್ರಮ ಕಷ್ಟದ್ದೇನಲ್ಲ. ಆದರೆ ಮೆಟ್ಟಿಲು ತಪ್ಪಬಾರದು. ಮೊದಲ ಮೆಟ್ಟಿಲು ನೆಲದ ಮೇಲಿನ ನಿಲುವು. ಒಂಟಿಕಾಲಿನಲ್ಲಿ ಅರ್ಧ ನಿಮಿಷ, ಮಂಡಿಯನ್ನು ಕೊಂಚ ಬಾಗಿಸಿ, ಪಾದದ ಬೆರಳುಗಳ ನೇರಕ್ಕೆ ಮಂಡಿ ಇರುವಂತೆ ನಿಲ್ಲುವುದು. ಅದು ಸಿದ್ಧಿಸಿದ ಮೇಲೆ ಕೈ ಕಟ್ಟಿ, ಆಮೇಲೆ ಗೋಡೆಯ ಹತ್ತಿರ ಕಣ್ಣು ಮುಚ್ಚಿ. ವೃಕ್ಷಾಸನ, ಗರುಡಾಸನ, ವೀರಭದ್ರಾಸನದ ಮೂರನೆಯ ಭಂಗಿ ಇಲ್ಲಿ ಸಹಜವಾಗಿ ಸೇರಿಕೊಳ್ಳುತ್ತವೆ. ಎರಡನೆಯ ಮೆಟ್ಟಿಲಲ್ಲಿ ಒಂಟಿಕಾಲಿನಲ್ಲಿಯೇ ನಿಂತು ಜೊತೆಗಾರನೊಡನೆ ಚೆಂಡನ್ನು ಎಸೆದು ಹಿಡಿಯುವುದು, ಬೆರಳ ತುದಿಗಳಿಂದ ಪಾಸ್ ಕೊಡುವುದು. ಆಗ ಗಮನ ಕಾಲಿನಿಂದ ಚೆಂಡಿಗೆ ಹೋಗುತ್ತದೆ, ಕಾಲು ತನ್ನ ಕೆಲಸವನ್ನು ತಾನೇ ಕಲಿಯುತ್ತದೆ. ಮೂರನೆಯದು ಓಲುಹಲಗೆ. ಗಟ್ಟಿಯಾದ ಹಲಗೆಯ ತುಂಡಿನ ಅಡಿಯಲ್ಲಿ ಅರೆಗೋಳದ ಆಕಾರದ ಮರವನ್ನು ಜೋಡಿಸಿಕೊಟ್ಟರೆ ಸಾಕು. ಊರಿನ ಬಡಗಿಯೇ ಮಾಡಿಕೊಡಬಲ್ಲ. ನಾಲ್ಕನೆಯದು ಇಳಿತದ ಪಾಠ. ನಿಂತಲ್ಲಿಂದ ನೆಗೆದು ಎರಡು ಪಾದಗಳ ಮೇಲೆ ಸದ್ದಿಲ್ಲದೆ ಇಳಿದು, ಮೂರು ಎಣಿಸುವವರೆಗೆ ಅಲುಗದೆ ನಿಲ್ಲಬೇಕು. ಸದ್ದೇ ಇಲ್ಲಿ ಪರೀಕ್ಷಕ: ಧೊಪ್ಪನೆ ಶಬ್ದವಾದರೆ ಮಂಡಿ ಬಾಗಿಲ್ಲವೆಂದೇ ಅರ್ಥ. ಆಮೇಲೆ ಕಾಲುಸುತ್ತು ತಿರುಗಿ ಇಳಿಯುವುದು, ಪಕ್ಕಕ್ಕೆ ನೆಗೆದು ಇಳಿಯುವುದು, ಜೊತೆಗಾರ ಹೆಗಲನ್ನು ಮೆಲ್ಲನೆ ತಾಗಿಸಿದಾಗಲೂ ಆಯ ತಪ್ಪದೆ ಇಳಿಯುವುದು. ಕಡೆಯ ಮೆಟ್ಟಿಲು ಬಲೆಯ ಬುಡದಲ್ಲಿ, ಮೊದಲು ಚೆಂಡಿಲ್ಲದೆ, ನಡುಗೆರೆಯ ಮೇಲೆ ಹಗ್ಗವನ್ನೋ ಬಟ್ಟೆಯನ್ನೋ ಹಾಸಿ, ಅದನ್ನು ತುಳಿಯದಂತೆ ಹೊಡೆತದ ಹಾಗೂ ತಡೆಯ ಹೆಜ್ಜೆಗಳನ್ನು ಅಭ್ಯಸಿಸುವುದು. ದಿನಕ್ಕೆ ಹತ್ತು ನಿಮಿಷ ಸಾಕು. ಮೈ ಬಿಸಿಯೇರಿದ ಮೇಲೆ, ದಣಿವಾಗುವ ಮುನ್ನ. ದಣಿದ ಕಾಲಿಗೆ ಕಲಿಸಿದ ಪಾಠ ತಪ್ಪಾಗಿಯೇ ನಾಟುತ್ತದೆ. ಮಂಡಿಯಲ್ಲಿ ನೋವಿರುವ ಹುಡುಗನಿಗೆ ಹಲಗೆಯನ್ನೂ ಜಿಗಿತವನ್ನೂ ಬಿಡಿಸಿ ವೈದ್ಯರ ಸಲಹೆ ಕೇಳುವುದು ಕ್ಷೇಮ.

ಸ್ಪರ್ಧೆ ಸಮೀಪಿಸಿದಾಗ ಇದಕ್ಕೆಲ್ಲ ಸಮಯವೆಲ್ಲಿ ಎಂಬುದು ಎರಡನೆಯ ಆಕ್ಷೇಪ. ತಂಡದ ಮುಖ್ಯ ಹೊಡೆತಗಾರ ಸೆಮಿಫೈನಲ್ಲಿಗೆ ಮುಂಚೆ ಕುಂಟುತ್ತ ಕೂತರೆ ಹೋಗುವ ಸಮಯಕ್ಕಿಂತ ಹತ್ತು ನಿಮಿಷ ದೊಡ್ಡದಲ್ಲ. ಮೂರನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡತೆಯಲ್ಲಿ ತೋರಿಸುತ್ತಾರೆ. ಅದೆಂದರೆ, ಗೆಲವು ಬಂದರೆ ಸಾಕು, ಕಾಲಿನ ವಿಷಯ ಆಮೇಲೆ ನೋಡಿದರಾಯಿತು ಎಂಬ ಭಾವನೆ. ಉಳುಕಿದ ಹರಡಿಗೆ ಬಟ್ಟೆ ಸುತ್ತಿ, ಬಲವಾಗಿ ನೀವಿ, ‘ಇನ್ನೊಂದೇ ಆಟ’ ಎಂದು ಹುಡುಗನನ್ನು ಮತ್ತೆ ಅಂಕಣಕ್ಕೆ ಇಳಿಸುವುದು ಊರೂರುಗಳಲ್ಲಿ ನಡೆಯುತ್ತಿದೆ. ಹೊಸದಾಗಿ ಉಳುಕಿದ ಜಾಗವನ್ನು ತಿಕ್ಕಬಾರದು, ಎಳೆಯಬಾರದು. ಆಟ ನಿಲ್ಲಿಸಿ, ತಣ್ಣನೆಯ ಪಟ್ಟಿ ಇಟ್ಟು, ಹದವಾಗಿ ಕಟ್ಟಿ, ಕಾಲನ್ನು ಎತ್ತರದಲ್ಲಿ ಇರಿಸಬೇಕು. ನಾಲ್ಕು ಹೆಜ್ಜೆ ಊರಿ ನಡೆಯಲಾರದವನನ್ನು ಮೂಳೆ ಮುರಿದಿಲ್ಲವೆಂದು ಖಚಿತವಾಗುವವರೆಗೆ ಆಸ್ಪತ್ರೆಗೆ ಒಪ್ಪಿಸಬೇಕು. ಹದಿನೈದು ವರ್ಷದ ಹುಡುಗನಿಗೆ ಆ ಕಾಲು ಇನ್ನೂ ಅರವತ್ತು ವರ್ಷ ಬೇಕು; ಅಲಮಾರಿನ ಷೀಲ್ಡಿಗೆ ಮುಂದಿನ ವರ್ಷವೇ ಧೂಳು ಹಿಡಿಯುತ್ತದೆ. ಮಗುವಿನ ಅಂಗವನ್ನು ಒತ್ತೆಯಿಟ್ಟು ಸಂಸ್ಥೆಯ ಕೀರ್ತಿಯನ್ನು ಕೊಳ್ಳುವುದು ವಿದ್ಯಾಲಯದ ಧರ್ಮವಲ್ಲ.

ದಾನಿಗಳು ಮತ್ತು ಹಿರಿಯ ವಿದ್ಯಾರ್ಥಿಗಳು ಈ ವಿಷಯದಲ್ಲಿ ಮಾಡಬಹುದಾದ ಉಪಕಾರ ದೊಡ್ಡದು. ಪಾರಿತೋಷಕಗಳಿಗೂ ಸಮವಸ್ತ್ರಗಳಿಗೂ ಕೊಡುವವರ ಸಂಖ್ಯೆ ಸಾಕಷ್ಟಿದೆ. ಅವುಗಳ ಮೇಲೆ ಕೊಟ್ಟವರ ಹೆಸರು ಕಾಣುತ್ತದೆ. ಅಂಕಣದ ನೆಲಕ್ಕೆ ಕೊಡುವವರು ಕಡಿಮೆ. ನೆಲದ ಮೇಲೆ ಹೆಸರು ಕಾಣುವುದಿಲ್ಲ. ಆದರೆ ಕಲ್ಲು ಎದ್ದ, ಗುಳಿ ಬಿದ್ದ ನೆಲದಲ್ಲಿ ಯಾವ ಅಭ್ಯಾಸವೂ ಫಲಿಸದು. ಕಲ್ಲನ್ನು ಆರಿಸಿ, ಜರಡಿ ಹಿಡಿದ ಮಣ್ಣನ್ನು ಹರಡಿ, ನೀರು ಹೊಡೆದು ಸಮ ಮಾಡಿದ ಅಂಕಣ, ಕಂಬಗಳಿಗೆ ಮೆತ್ತನೆಯ ಹೊದಿಕೆ, ಬರಿಗಾಲಿನ ಬಡ ಹುಡುಗರಿಗೆ ತಕ್ಕ ಅಳತೆಯ ಬೂಟು, ಹನ್ನೆರಡು ಓಲುಹಲಗೆಗಳು. ಇಷ್ಟಕ್ಕೆ ತಗುಲುವ ಹಣ ಒಂದು ಪಂದ್ಯಾವಳಿಯ ದೀಪ, ಚಪ್ಪರ, ಧ್ವನಿವರ್ಧಕಗಳ ವೆಚ್ಚವನ್ನು ಮೀರಲಾರದು. ಕೊಟ್ಟವರ ಹೆಸರು ಫಲಕದಲ್ಲಿ ಕಾಣದಿದ್ದರೂ ಪೆಟ್ಟಾಗದೆ ಆಡಿ ಮನೆಗೆ ಮರಳಿದ ಮಕ್ಕಳ ಕಾಲುಗಳಲ್ಲಿ ಉಳಿಯುತ್ತದೆ.

ಕಡೆಯದಾಗಿ, ಈ ಹತ್ತು ನಿಮಿಷದ ಪಾಠ ತಂಡದ ಹನ್ನೆರಡು ಮಂದಿಗೆ ಮಾತ್ರ ಮೀಸಲಾಗತಕ್ಕುದಲ್ಲ. ಆಟಕ್ಕೆ ಆಯ್ಕೆಯಾಗದ ಹುಡುಗನಿಗೂ, ಬಯಲಿಗೆ ಬರಲು ಸಂಕೋಚಪಡುವ ಹುಡುಗಿಗೂ ನಿಲುವಿನ ವಿದ್ಯೆ ಬೇಕು. ಅಧ್ಯಾಪಕರು ಮಕ್ಕಳ ಜೊತೆಗೆ ತಾವೂ ಒಂಟಿಕಾಲಿನಲ್ಲಿ ನಿಂತರೆ ಗೌರವಕ್ಕೆ ಕುಂದಿಲ್ಲ. ಮಕ್ಕಳು ನಕ್ಕರೆ ನಗಲಿ. ವಯಸ್ಸು ಏರಿದಂತೆ ಸಮತೋಲನ ಕುಗ್ಗುವುದೂ, ಮುದುಕರು ಬಚ್ಚಲಲ್ಲಿಯೋ ಹೊಸ್ತಿಲಲ್ಲಿಯೋ ಆಯ ತಪ್ಪಿ ಬಿದ್ದು ಹಾಸಿಗೆ ಹಿಡಿಯುವುದೂ ಮನೆಮನೆಯ ಕಥೆ. ಇಂದು ಅಂಕಣದಲ್ಲಿ ಕಲಿತ ಅಭ್ಯಾಸವನ್ನು ಬಿಡದೆ ನಡೆಸಿಕೊಂಡು ಬಂದವನಿಗೆ ಅದು ಮುಪ್ಪಿನಲ್ಲಿಯೂ ಊರುಗೋಲಾದೀತು. ಎತ್ತರಕ್ಕೆ ಏರಬೇಕೆಂಬ ಆಸೆಯನ್ನು ಮಕ್ಕಳಲ್ಲಿ ಬಿತ್ತುವುದು ಎಲ್ಲ ವಿದ್ಯಾಲಯಗಳ ಹೆಮ್ಮೆ. ಏರಿದ ಮೇಲೆ ನೆಲವನ್ನು ಮರೆಯದೆ, ಜೊತೆಯವನ ಕಾಲನ್ನು ತುಳಿಯದೆ, ಸದ್ದಿಲ್ಲದೆ ಇಳಿದು ಮುಂದಿನ ಚೆಂಡಿಗೆ ಸಿದ್ಧನಾಗಿ ನಿಲ್ಲುವುದನ್ನೂ ಅವು ಕಲಿಸುವಂತಾಗಲಿ.